ನಾಕು ಮನಿ

ಸೆರಗಿಗೆ ತಿಕ್ಕು, ಅಂದ ವಾಚ್‌ಮನ್ ಅಣವೀರಪ್ಪ.
ತಿಕ್ಕಿದೆ.
ಸಾವಕಾಶ ಹಾಕು, ಜಗ್ಗಬ್ಯಾಡ, ಅಂದ ಹಿಂದಿನಾಂವ.
ಹಾಕಿದೆ.
ದಾಲ್ ಮಿಲ್ಲಿನ ಧೂಳು ಕುಂತಿರಬೇಕು ಚಿಪ್ಪಿನಾಗ,
ನನ್ನ ಕೈ ನೋಡಿ ಯಾರೋ ಅಂದರು.
ಉಫ್ ಅಂತ ಊದಿದೆ.

ಕಾರ್ಡಿಗೆ ಏನೂ ಆಗಿದ್ದಿಲ್ಲ.
ಆಳಂದ ನಾಕಾದ ಹಳೇ ಮಷೀನು ಕಿತ್ತು
ಹೊಸಾದು ಕುಂದರಿಸ್ಯಾರ. ಗುಂಡಿ ಇಲ್ಲ, ಬರೀ ಗಾಜು,
ಗಾಜಿನ ಮ್ಯಾಲ ಕಲಬುರಗಿ ಬಿಸಲು,
ಬಿಸಲಿನ ಕೆಳಗ ಅಂಕಿಗಳು
ಸಲಕೊಮ್ಮೆ ಜಾಗ ಬದಲಿಸ್ತಾವ,
ಬಾಡಿಗಿ ಮನಿಯವರಂಗ.

ಮೂರು ಸಲ ತಪ್ಪಿತು. ಕಾರ್ಡ್ ಬಂದ್.

ಬ್ಯಾಂಕಿನ ಹುಡುಗಿ ಕೇಳಿದಳು,
ಲಾಲಬಿ, ನಂಬರ್ ನೆನಪದ ಏನ್ರಿ?
ನಂಬರ್ ಎಲ್ಲಿತ್ತು ಬೇಟಿ ನನಗ?
ನಡುವಿನ ಮನಿಯಿಂದ ಮ್ಯಾಲ ಹೋಗೋದು,
ಬಲಕ್ಕ ಹೊರಳೋದು,
ಹೊರಳಿದ ಕೂಡಲೆ ಒಂದು ಮನಿ ಇಳಿಯೋದು.
ಎಂಟು ವರ್ಷ ಪಗಾರ ಹಿಂಗೇ ತಗೊಂಡೀನಿ.
ಆಕಿ ಕಿವಿ ಮುಚ್ಚಿಕೊಂಡಳು:
ಅಯ್ಯ, ಯಾರಿಗೂ ಹೇಳಬ್ಯಾಡ್ರಿ!
ನಾಳೆ ತಾನೇ ತೆರೀತದ, ಹೋಗ್ರಿ.

ರಾತ್ರಿ ತಂಗಿಯ ಗುಂಡಿ ಫೋನ್ ಇಸಕೊಂಡು
ಕಣ್ಣು ಮುಚ್ಚಿ ನಡೆದೆ.
ಬೆರಳು ಎಲ್ಲೂ ದಾರಿ ಕೇಳಲಿಲ್ಲ.
ಕಣ್ಣು ತೆರೆದರ ನಾಕು ಅಂಕಿ,
ಸಾಲಿ ಹುಡುಗರಂಗ ಸಾಲಾಗಿ.
ಇಷ್ಟು ದಿನ ಇವೇ ಏನ್ರಪ್ಪ ನೀವು?
ತಂಗಿ ಬರೋದ್ರಾಗ ಅಳಿಸಿದೆ.

ಮುಂಜಾನಿ ಮತ್ತ ಅದೇ ಗಾಜು.
ಲಗೂ ಮಾಡ್ರಿ, ಅಂದ ಹಿಂದ ಒಬ್ಬಾಂವ.
ತೊಗರ್ಯಾಗ ಹರಳು ಹೆಕ್ಕಿದಂಗ
ಒಂದು ಹೆಕ್ಕಿದೆ,
ಇನ್ನೊಂದು ಎಲ್ಲಿ ಅದ, ಹಾಂ,
ಮೂಲ್ಯಾಗ ಕುಂತದ.