ಹುಟ್ಟು

ಎಲ್ಲ ಶುರುವಾದದ್ದು ದಾಲಿಗೆ ಉಪ್ಪು ಜಾಸ್ತಿಯಾದ ರಾತ್ರಿ.
ಗುವಾಹಾಟಿ, ಪಾನ್‌ಬಜಾರಿನ ಹಿಂದೆ, ಮೂರನೇ ನಂಬರ್ ಹಾಸ್ಟೆಲು.
ನಾನು ದಂಡಿರಾಮ, ಅಡುಗೆಯವ.
ಕರ್ಫ್ಯೂ. ಊರು ದೀಪ ಆರಿಸಿಕೊಂಡು ಕೂತಿತ್ತು.
ನಲವತ್ತು ಹುಡುಗರು ನನ್ನ ಒಲೆಯ ಬೆಳಕಿನಲ್ಲಿ
ಮತದಾರರ ಪಟ್ಟಿ ಹರಡಿಕೊಂಡು
ಕೆಂಪು ಗೀಟು ಎಳೆಯುತ್ತಿದ್ದರು.
ಒಬ್ಬನೂ ಉಪ್ಪಿನ ಮಾತೆತ್ತಲಿಲ್ಲ.
ಆಗಲೇ ನನಗೆ ಹೆದರಿಕೆಯಾಗಬೇಕಿತ್ತು.

ದುಡ್ಡಿಲ್ಲ ದಂಡಿದಾ, ಖಾತೆಗೆ ಬರಿ, ಅಂದ ಪದ್ಮಧರ.
ಬರೆದೆ.
ಬಂದ್ ಇದ್ದ ದಿನ ಬರೀ ಅನ್ನ, ದಾಲು.
ಇಲ್ಲದ ದಿನ ಔಟೆಂಗಾ ಹಾಕಿದ ಹುಳಿ ಮೀನು.
ಪರೀಕ್ಷೆ ಬಿಟ್ಟರು, ಒಂದು ವರ್ಷ, ಎರಡು ವರ್ಷ,
ಊಟ ಬಿಡಲಿಲ್ಲ.
ಜೈಲಿಗೆ ಹೋದವರ ತಟ್ಟೆಯನ್ನೂ ತೊಳೆದು ಕವುಚಿಡುತ್ತಿದ್ದೆ.
ಇಪ್ಪತ್ತಮೂರನೇ ತಟ್ಟೆ ಮಾಣಿಕ್ ದೇವರಿಯದು.
ಸೇತುವೆಯ ಹತ್ತಿರ ಅವನಿಗೆ ಗುಂಡು ಬಿದ್ದ ಮೇಲೂ
ವಾರದ ತನಕ ಕೈತಪ್ಪಿ ಅದಕ್ಕೂ ಬಡಿಸಿದೆ.
ಅವನ ಬಾಕಿ ಅರವತ್ತೊಂದು ರೂಪಾಯಿ, ನಾಲ್ಕಾಣೆ.
ಹೊಡೆದುಹಾಕಿದರೆ ಅವನನ್ನೇ ಹೊಡೆದುಹಾಕಿದಂತೆ,
ಹಾಗೇ ಬಿಟ್ಟೆ.

ಮೀನು ತರುತ್ತಿದ್ದವನು ಕಲಿಮುದ್ದಿ,
ನದಿ ನಡುವಿನ ಮರಳುದಿಬ್ಬದವನು.
ವರ್ಷವರ್ಷವೂ ದಿಬ್ಬ ಕರಗುತ್ತಿತ್ತು,
ವರ್ಷವರ್ಷವೂ ಅವನ ಊರಿಗೆ ಬೇರೆ ಹೆಸರು.
ಒಂದು ಸಂಜೆ ಪಟ್ಟಿಯ ಮೇಲೆ ಬಗ್ಗಿದ್ದ ಯಾರೋ
ಅವನ ಹೆಸರನ್ನು ಗಟ್ಟಿಯಾಗಿ ಓದಿದರು.
ಗೀಟು ಎಳೆದ ಸದ್ದು ಕೇಳಿಸಿತು.
ಒಲೆ ಊದುತ್ತಿದ್ದೆ. ಊದುತ್ತಲೇ ಇದ್ದೆ.
ಆಮೇಲೆ ಮೀನು ಬೇರೆಯವನು ತಂದ.
ಹುಳಿಯ ರುಚಿಯಲ್ಲಿ ಏನೂ ವ್ಯತ್ಯಾಸವಿರಲಿಲ್ಲ,
ಅದೇ ನನ್ನನ್ನು ಇವತ್ತಿಗೂ ತಿನ್ನುವುದು.

ಒಪ್ಪಂದಕ್ಕೆ ರುಜು ಬಿತ್ತು.
ಚಳವಳಿಗೆ ಪಕ್ಷವಾಗುವ ವಯಸ್ಸು ಬಂತು, ಗುರುತೊಂದು ಬೇಕು.
ತಿಲೋಕ, ಚಿತ್ರ ಬರೆಯುವ ಹುಡುಗ,
ಅಡುಗೆಮನೆಯಲ್ಲೆಲ್ಲ ಕಣ್ಣಾಡಿಸಿ
ನಾನು ಅನ್ನ ತಿರುವುತ್ತಿದ್ದ ಮರದ ಹುಟ್ಟನ್ನು
ಇದ್ದಿಲಿನಲ್ಲಿ ಗೋಡೆಯ ಮೇಲೆ ಬರೆದ.
ಇದು ಯಾರಿಗೂ ಇಲ್ಲವೆಂದಿಲ್ಲ, ಅಂದ.
(ಕಲಿಮುದ್ದಿ ಒಬ್ಬನಿಗೆ ಅಂದಿತ್ತು. ನಾನು ಬಾಯಿಬಿಡಲಿಲ್ಲ.)
ದಿಲ್ಲಿಯ ಪಟ್ಟಿಯಲ್ಲಿ ಅನ್ನದ ಹುಟ್ಟು ಇರಲಿಲ್ಲ,
ದೋಣಿಯ ಹುಟ್ಟು ಇತ್ತು.
ಗೆರೆಗೆ ಗೆರೆ ಒಂದೇ. ಕೊಟ್ಟರು, ಈಸಿಕೊಂಡರು.
ಹೀಗೆ ನನ್ನ ಪಾತ್ರೆಯೊಳಗಿನದು
ಒಂದೇ ರಾತ್ರಿಯಲ್ಲಿ ಬ್ರಹ್ಮಪುತ್ರದ ಪಾಲಾಯಿತು.

ಸೈಕಲ್ಲಿನಲ್ಲಿ ಹೋದರು, ಲಾರಿಯಲ್ಲಿ ಗೆದ್ದು ಬಂದರು.
ಹೆಗಲು ಮುಚ್ಚುವಷ್ಟು ಗಾಮೋಸಾ.
ತೇಜಪುರದ ಕಡೆಯ ಮುದುಕಿಯೊಬ್ಬಳು
ಮಗನಿಗೆಂದು ನೇಯ್ದದ್ದನ್ನು ಇವರಿಗೆ ಹೊದಿಸಿದಳಂತೆ,
ಮಗನ ಫೋಟೋ ಅವಳ ಸೊಂಟದಲ್ಲೇ ಇತ್ತಂತೆ.
ಪ್ರಮಾಣವಚನದ ಬೆಳಿಗ್ಗೆ ಹಾಸ್ಟೆಲ್ಲಿನಿಂದಲೇ ಹೊರಟರು.
ಇದ್ದದ್ದು ಒಂದು ಇಸ್ತ್ರಿಪೆಟ್ಟಿಗೆ;
ಹನ್ನೊಂದು ಮಂದಿ ಮಂತ್ರಿಗಳು
ಬನೀನಿನಲ್ಲಿ ಸಾಲುಗಟ್ಟಿ ನಿಂತಿದ್ದರು.
ಪದ್ಮಧರನಿಗೆ ಹಣಕಾಸಿನ ಖಾತೆ ಸಿಕ್ಕಿತು.
ನನ್ನ ಖಾತೆಯಲ್ಲಿ ಅವನ ಬಾಕಿ ನಾನೂರ ಹದಿನೆಂಟು.
ಕಾರಿನ ಬಾಗಿಲು ಹಾಕುವ ಮೊದಲು ಅಂದ:
ಮರೆತಿಲ್ಲ ದಂಡಿದಾ.
ಸುಳ್ಳಲ್ಲ, ಆ ಹೊತ್ತಿಗೆ ಅದು ನಿಜವೇ.

ಬಂಗಲೆಗಳಿಗೆ ಬೇರೆ ಅಡುಗೆಯವರು.

ಐದು ವರ್ಷ ತುಂಬುವುದರೊಳಗೆ ಪಕ್ಷ ಎರಡಾಯಿತು.
ಹುಟ್ಟು ಒಂದೇ.
ಒಂದೇ ವಾರದಲ್ಲಿ ಎರಡೂ ಕಡೆಯ ವಕೀಲರು ಬಂದು
ನನ್ನ ಮಣೆಯ ಮೇಲೆ ಕೂತು ಕೇಳಿದರು:
ಮೊದಲು ಇದು ಯಾರ ಕೈಯಲ್ಲಿತ್ತು, ನಿಜ ಹೇಳು.
ನನ್ನ ಕೈಯಲ್ಲಿ, ಅಂದೆ.
ಬರೆದುಕೊಳ್ಳಲಿಲ್ಲ.

ಈಗಲೂ ಇದೆ, ಮೊಳೆಗೆ ನೇತುಹಾಕಿದ್ದೇನೆ,
ಒಂದೇ ಬದಿಗೆ ಸವೆದು ಸೊಟ್ಟಗಾಗಿದೆ.
ಖಾತೆಯೂ ಇದೆ.
ಅವರು ಕೊಡಬೇಕಾದ್ದನ್ನೆಲ್ಲ ಗೆದ್ದಲು ತಿಂದಿತು,
ಪರವಾಗಿಲ್ಲ, ಉಂಡವರು ಉಂಡರು.
ಕೊನೆಯ ಹಾಳೆ ಮಾತ್ರ ಉಳಿದಿದೆ, ನಾನು ಕೊಡಬೇಕಾದ್ದು:
ಕಲಿಮುದ್ದಿಗೆ, ಎರಡು ಕಿಲೋ ಮೀನಿನ ಬಾಬ್ತು,
ಒಂಬತ್ತು ರೂಪಾಯಿ.
ಈ ಸಲವೂ ನೆರೆ ಬಂದಿದೆ.
ಯಾವ ದಿಬ್ಬ ಅಂತ ಯಾರನ್ನು ಕೇಳಲಿ.