ಹಳದಿ ಫೈಲು

ನೀಲಿ ಫೈಲಿನಲ್ಲಿ ಸಂಶೋಧನೆ, ಹಳದಿಯಲ್ಲಿ ಕಥೆ.
ಎರಡನ್ನೂ ಬಗಲಿಗೆ ಒತ್ತಿಕೊಂಡು ಐರಿನ್ ರೆಬೆಲ್ಲೊ
ಮುಹರ್ರಕ್ಕಿನ ನನ್ನ ಜೆರಾಕ್ಸ್ ಅಂಗಡಿಗೆ ಬರುವುದು
ಮಗ್ರಿಬ್ ಬಾಂಗ್ ಮುಗಿದು, ಎದುರಿನ ಕುಬ್ಬೂಸ್ ಒಲೆ
ಕಾವೇರುವ ಹೊತ್ತಿಗೆ.

ನೀಲಿಯದು ಅರಬಿ. ಮದರಸದಲ್ಲಿ ಕಲಿತ ಅಕ್ಷರ ನನಗೆ,
ಅರ್ಥ ಈ ಕೌಂಟರಿನಲ್ಲಿ ಕಲಿತದ್ದು.
ಕಡಲಡಿಯಲ್ಲಿ ಸಿಹಿನೀರು ಉಕ್ಕುತ್ತಿದ್ದ ಬುಗ್ಗೆಗಳ ಲೆಕ್ಕ:
ಯಾವುದಕ್ಕೆ ಯಾವ ಹೆಸರು, ಹೇಳಿದ ಮುದುಕ ಯಾರು,
ಮುಳುಗಿ ತೊಗಲಚೀಲ ತುಂಬಿ ತಂದವರಿಗೆ ಕೂಲಿ ಎಷ್ಟು.
ಸಾಲಿನ ಕೊನೆಗೆ ಹೆಚ್ಚುಕಮ್ಮಿ ಒಂದೇ ಮಾತು,
'ಈಗ ಬತ್ತಿದೆ.'

ಹಳದಿಯದು ಕನ್ನಡ.
ಗುಟುಕಿ ಎಂಬ ಹನ್ನೊಂದರ ಹುಡುಗಿ
ಮೂಗಿಗೆ ಆಮೆಚಿಪ್ಪಿನ ಚಿಮಟ ಸಿಕ್ಕಿಸಿ
ಕಡಲಿನ ಗಂಟಲೊಳಗೆ ಇಳಿಯುತ್ತಾಳೆ.
ಅಲ್ಲೊಂದು ಕುರುಡು ಮೀನು, ಹಡಗಿನಷ್ಟು ಉದ್ದ.
ಕೇಳಿದರೆ ನೀರು ಕೊಡುವುದಿಲ್ಲ.
ಮೇಲೆ ಎಲ್ಲರೂ ಮರೆತ ಒಂದು ಹೆಸರು
ಅದರ ಕಿವಿಗೆ ಹಾಕಬೇಕು.

ಯಂತ್ರ ಹಾಳೆ ನುಂಗುವಷ್ಟರಲ್ಲಿ ಓದಿಬಿಡುತ್ತೇನೆ.
ಕಳ್ಳತನವೇ ಸರಿ.
ರಾತ್ರಿ ಮಗಳು ನಹ್ಲಾಗೆ ಹೇಳುತ್ತೇನೆ.
ಅವಳ ಕಿವಿಗೆ ಕನ್ನಡ ಗೊತ್ತು, ಕಣ್ಣಿಗೆ ಗೊತ್ತಿಲ್ಲ.
'ಆಮೇಲೆ?' ಅನ್ನುತ್ತಾಳೆ.
ಆಮೇಲೆ, ಮುಂದಿನ ಮಂಗಳವಾರ.

ಒಮ್ಮೆ ಹಾಳೆ ಸಿಕ್ಕಿಕೊಂಡಿತು. ಬಾಗಿಲು ತೆರೆದು ಎಳೆದೆ,
ಮೊಣಕೈವರೆಗೆ ಮಸಿ.
ಅವಸರದಲ್ಲಿ ಜೋಡಿಸಿ ಕೊಟ್ಟದ್ದರಲ್ಲಿ
ಹಳದಿಯ ನಲವತ್ತೊಂದನೇ ಪುಟ ನೀಲಿಯೊಳಗೆ ಸೇರಿ
ಮನಾಮದ ವಿದ್ವಾಂಸರ ಸಭೆಗೆ ಹೋಯಿತು.

ಮರುವಾರ ಆಕೆ ಬಂದಾಗ ನಾನು ಟೋನರ್ ಹುಡುಕುವವನಂತೆ
ಮೇಜಿನ ಕೆಳಗಿದ್ದೆ.
'ಏಳಿ ಹಮ್ಮಬ್ಬ' ಅಂದರು. ಬೈಯಲಿಲ್ಲ.
ಸಭೆಯ ಹಿರಿಯರೊಬ್ಬರು ಬೇರೆ ಯಾವ ಪುಟವನ್ನೂ ಕೇಳದೆ
ಆ ದುಂಡು ಅಕ್ಷರಗಳ ಮೇಲೆ ಬೆರಳಿಟ್ಟು
ಇದೇನು ಎಂದರಂತೆ.
ತಪ್ಪಿಸಿಕೊಳ್ಳಲು ದಾರಿ ಕಾಣದೆ ಈಕೆ
ಹರುಕು ಅರಬಿಯಲ್ಲಿ ಮೀನಿನ ಕಥೆ ಹೇಳಿದರಂತೆ.
ಹಿರಿಯರು ಕನ್ನಡಕ ತೆಗೆದು, ಬಹಳ ಹೊತ್ತು ಒರೆಸಿ,
'ನನ್ನ ಅಜ್ಜಿ ಒಂದು ಬುಗ್ಗೆಯ ಹೆಸರು ಹೇಳುತ್ತಿದ್ದಳು,
ನಿಮ್ಮ ಪಟ್ಟಿಯಲ್ಲಿ ಇಲ್ಲ' ಎಂದರಂತೆ.

'ಯಾವ ಹೆಸರು?' ಕೇಳಿದೆ.
'ಮೊದಲು ಮೀನಿಗೆ' ಅಂದು ಚಿಲ್ಲರೆ ಎಣಿಸಿಕೊಂಡು ಹೋದರು.

ಹೊರಗೆ ತಲೆ ಸವರುವಷ್ಟು ಕೆಳಗೆ ವಿಮಾನ.
ಮಣ್ಣು ತುಂಬಿ ದೂರ ತಳ್ಳಿದ ಕಡಲು
ಇಲ್ಲಿಂದ ಕಾಣುವುದಿಲ್ಲ.
ಕೆಟ್ಟ ಕಾಪಿಗಳ ಬೆನ್ನ ಮೇಲೆ
ನಹ್ಲಾ 'ಗು' ತಿದ್ದುತ್ತಿದ್ದಾಳೆ.
ಮಂಗಳವಾರದವರೆಗೆ ನನ್ನನ್ನು ಕಾಯಲಾರಳಂತೆ.
ಕೊಂಬು ಮಾತ್ರ
ಇನ್ನೂ ಎಡಕ್ಕೇ ತಿರುಗುತ್ತದೆ.