ಟೀಗೆ ಆರು ಸ್ಟೇಜು

ಮಾತ್ರೆ ಹಿಡಿದ ಎಂಟನೇ ತಿಂಗಳಿಗೆ
ದನಿಗಳು ಇಳಿದುಹೋದವು,
ಕಂದಲಿಯಲ್ಲಿ ಕೆಲವು, ಪಾಳ್ಯದಲ್ಲಿ ಕೆಲವು.
ಕೊನೇ ಟ್ರಿಪ್ಪಿನ ಬಸ್ಸಿನ ಹಾಗೆ
ನನ್ನ ತಮ್ಮ ಜವರೇಶ ಖಾಲಿಯಾದ.

ವಾಸಿಯಾಯ್ತು ಅಂದರು ಎಲ್ಲ.
ನಾನೂ ಅಂದೆ. ಹಾಸನದ ಡಿಪೋಗೆ ಅರ್ಜಿ ಬರೆಸಿದೆ.
ಸಹಿ ಹಾಕೋ ಅಂದರೆ
ಪೆನ್ನು ಹಿಡಿದು, ಕಿಟಕಿ ನೋಡಿ,
ಪೆನ್ನು ಯಾಕೆ ಅಂತ ಕೇಳಿದ.

ಹನ್ನೊಂದು ವರ್ಷ ಸಕಲೇಶಪುರದ ರೂಟಿನಲ್ಲಿ
ಐವತ್ತು ಮುಖ, ಐವತ್ತು ಚಿಲ್ಲರೆ ಬಾಕಿ
ಬೆರಳ ತುದಿಯಲ್ಲಿಟ್ಟಿದ್ದವನು
ಒಲೆಗೆ ನೀರಿಟ್ಟು
ಟೀಪುಡಿ ಹುಡುಕುತ್ತ ಹಿತ್ತಿಲಿಗೆ ಹೋದ.
ಅಲ್ಲಿ ಬಟ್ಟೆ ಒಣಗಿತ್ತು. ಒಂದು ತೆಗೆದ.
ಇನ್ನೊಂದು ತೆಗೆದ.
ಒಳಗೆ ನೀರು ಇಂಗಿ ಪಾತ್ರೆ ಕೆಂಪಗಾಯ್ತು.
ದಂಡಪಿಂಡ, ಅಂದೆ ನಾನು.
ಅದನ್ನು ಬರೆಯದೆ ಈ ಪದ್ಯ ಮುಂದೆ ಹೋಗುವುದಿಲ್ಲ.

ಆಸ್ಪತ್ರೆಯ ಒಂಬತ್ತನೇ ಕೋಣೆಯಲ್ಲಿ
ಫರ್ಹಾನಾ ಮೇಡಂ ಬಣ್ಣದ ಕಾರ್ಡು ಹರಡಿ
ಒಂದನ್ನು ತೋರಿಸಿ, ಮುಚ್ಚಿ, ಏನಿತ್ತು ಅಂದರು.
ಫ್ಯಾನಿನ ಕೆಳಗೆ ಕೂತು ಅವನು ಬೆವರಿದ.
ಅಂಗಿ ಬೆನ್ನಿಗೆ ಅಂಟುವುದನ್ನು ನೋಡುತ್ತ
ನಾನು ಆಡಿದ ಮಾತು ನನ್ನ ಗಂಟಲಿಗೇ ಬಂತು.
"ಇದೂ ಅದೇ ಕಾಯಿಲೆ ಅಕ್ಕ. ದನಿಗೆ ಮಾತ್ರೆ ಇದೆ,
ಇದಕ್ಕೆ ಅಭ್ಯಾಸ.
ಎಷ್ಟು ವಾಪಸ್ ಬರುತ್ತೋ, ಹೇಳಲಾರೆ."

ವಾರಕ್ಕೆರಡು ದಿನ.
ವಾರದ ಹೆಸರು ಹಿಂದಿನಿಂದ ಮುಂದಕ್ಕೆ:
ಗುರುವಾರಕ್ಕೆ ಬಂದು ನಿಂತುಬಿಡುತ್ತಿದ್ದ
ಟೈರು ಪಂಕ್ಚರಾದ ಹಾಗೆ.

ಮೂರನೇ ತಿಂಗಳು ಅವರು ಕೇಳಿದರು:
ಟೀಗೆ ಎಷ್ಟು ಸ್ಟೇಜು, ಕಂಡಕ್ಟರೇ?
ತಲೆ ಎತ್ತಿದ.
ಆ ಹೆಸರಿನಿಂದ ಅವನನ್ನು ಯಾರೂ ಕರೆದು
ಎರಡು ವರ್ಷವಾಗಿತ್ತು.
ಬೆರಳು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.
ಆರು, ಅಂದ.

ಈಗ ಒಲೆ ಪಕ್ಕದ ಮೊಳೆಗೆ ರಟ್ಟಿನ ಚೀಟಿ.
ನೀರು. ಪುಡಿ. ಸಕ್ಕರೆ. ಹಾಲು. ಗ್ಯಾಸ್ ಆರಿಸು. ಸೋಸು.
ಒಂದೊಂದು ಮುಗಿದಾಗಲೂ
ಟ್ರಂಕಿನಿಂದ ಹೊರಬಂದ ಹಳೇ ಪಂಚಿನಲ್ಲಿ
ಟಕ್, ಒಂದು ತೂತು.
ನೆಲದ ಮೇಲೆ ಸಾಸಿವೆಯಷ್ಟು ಬಿಳಿ ಚುಕ್ಕಿ.
ಒಂದಿಡೀ ದಿನ ಗುಡಿಸದೆ ಬಿಟ್ಟೆ.

ಎಲ್ಲ ಸರಿಹೋಗಿಲ್ಲ.
ನಿನ್ನೆ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ
ಆಲೂಗಡ್ಡೆ ತೂಗಿಸಿ, ದುಡ್ಡು ಎಣಿಸಿ ಕೊಟ್ಟು,
ಆಲೂಗಡ್ಡೆ ಅಲ್ಲೇ ಬಿಟ್ಟು ಬಂದ.
ಬಾಯಿ ತೆರೆದೆ.
ಅಷ್ಟರಲ್ಲಿ ಜೇಬಿನ ಚೀಟಿ ತೆಗೆದು ತೋರಿಸಿದ.
ನಾಲ್ಕು ತೂತು. ಐದನೆಯದು ಇಲ್ಲ.
"ಅಕ್ಕಾ, ಒಂದು ಸ್ಟೇಜು ಮೊದಲೇ ಇಳಿದುಬಿಟ್ಟೆ."

ಬಾಗಿಲಲ್ಲಿ ನಿಂತ,
ನಾನು ಚಪ್ಪಲಿ ಮೆಟ್ಟುವವರೆಗೆ ಕಾದ,
ಆಮೇಲೆ ಕದ ತಟ್ಟಿ
ರೈಟ್ ಅಂದ.